ಏಳನೇ ಬಿಲ್ಲೆಯ ಗಂಟು

"ಇದಕ್ಕೆ ಎರಡು ಗಂಟಿದೆ," ಎಂದರು ಅತ್ತಿಗೆ.

ಅವರ ಅಂಗೈಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅದರ ಮೇಲೆ ಕೊರೆದ ಅಂಕಿ ಏಳು. ತೂತಿನಲ್ಲಿ ಪೋಣಿಸಿದ್ದ ಮೇಣದ ದಾರವನ್ನು ಉಗುರಿನಿಂದ ಎತ್ತಿ ಅವರು ಕಪ್ತಾನರ ಮೂಗಿನ ಮುಂದೆ ಹಿಡಿದರು.

"ಉಳಿದ ಬಿಲ್ಲೆಗಳಿಗೆಲ್ಲ ಒಂದೊಂದೇ ಗಂಟು. ಇದಕ್ಕೆ ಮಾತ್ರ ಎರಡು. ಯಾಕೆ?"

ಕಪ್ತಾನರು ಕತ್ತು ಬಗ್ಗಿಸಿ ನೋಡಿದರು. "ಒಂದು ನಂದು. ದಾರದ ತುದಿ, ಅದೇ ಬಾಲ, ಹೊರಗೆ ಕಾಣ್ದೆ ಇರೋದು ನಂದು. ಇನ್ನೊಂದು ಯಾರದ್ದೋ ಗೊತ್ತಿಲ್ಲ."

ನಾವು ನಾಲ್ವರು ಚುಕ್ಕಾಣಿಯ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಯ ಮಾವಿನಂತೆ ತುಂಬಿಕೊಂಡಿದ್ದೆವು: ನಾನು, ಅತ್ತಿಗೆ, ಕಪ್ತಾನರು, ಅವರ ಮಗಳು. ದೋಣಿ ಇನ್ನೂ ಜೆಟ್ಟಿಗೆ ಕಟ್ಟಿಕೊಂಡೇ ಇತ್ತು. ನನ್ನ ಹೊಟ್ಟೆ ಮಾತ್ರ ಆಗಲೇ ಪ್ರಯಾಣ ಹೊರಟಿತ್ತು.

ಭಾನುವಾರ ಇದೇ ದೋಣಿಯಲ್ಲಿ ಎದುರು ದಡದ ಬಂದರು ಪಟ್ಟಣಕ್ಕೆ ಬೇಸಿಗೆ ವಿಹಾರ ಹೋದವರು ಎಂಟು ಜನ, ಮರಳಿ ಇಳಿದವರು ಏಳು. ಕನ್ನಡಕದಂಗಡಿಯ ಯಜಮಾನರು ನೀರಿಗೆ ಬಿದ್ದರೆಂದು ನಾಲ್ಕು ದಿನದಿಂದ ಕಡಲನ್ನು ಜಾಲಾಡುತ್ತಿದ್ದರು.

"ದರ್ಜಿ ಸಾಹೇಬ್ರೇ, ನೀವು ನೋಡಿ," ಎಂದು ಅತ್ತಿಗೆ ಬಿಲ್ಲೆಯನ್ನು ನನ್ನ ಕೈಗಿಟ್ಟರು.

ಅವರು ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಆರು ವರ್ಷವಾಗಿದೆ. ನಾನು ಅವರ ಮೈದುನ, ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವನು. ಹಂತಕರ ವಿಷಯ ನನಗೆ ತಿಳಿಯದು. ದಾರದ ವಿಷಯದಲ್ಲಿ ಮಾತ್ರ ಯಾರಿಗೂ ಸೋಲುವವನಲ್ಲ.

"ದಾರ ಹರಿದದ್ದಲ್ಲ, ಕೊಯ್ದದ್ದು," ಎಂದೆ. "ಕತ್ತರಿಯೂ ಅಲ್ಲ. ಕತ್ತರಿಯಾದ್ರೆ ತುದಿ ಎರಡೂ ಕಡೆಯಿಂದ ಹಿಸುಕಿದ ಹಾಗಿರುತ್ತೆ. ಇದು ಚೂರಿ. ಒಂದೇ ಏಟು. ಕೊಯ್ದಾದ ಮೇಲೆ ಯಾರೋ ಮತ್ತೆ ಕಟ್ಟಿದ್ದಾರೆ."

"ಶಭಾಷ್," ಎಂದರು ಅತ್ತಿಗೆ. ನನ್ನನ್ನು ಅವರು ಹೊಗಳುವುದು ವರ್ಷಕ್ಕೊಮ್ಮೆ. ಈ ವರ್ಷದ್ದು ಮುಗಿಯಿತು.

ಈ ಬಿಲ್ಲೆಗಳ ಲೆಕ್ಕ ಸರಳ. ದೋಣಿಗೆ ಹತ್ತುವ ಬಾಗಿಲ ಪಕ್ಕದಲ್ಲಿ ಒಂದು ಹಲಗೆ, ಅದರಲ್ಲಿ ಸಾಲಾಗಿ ಮೊಳೆ, ಮೊಳೆಗೊಂದು ಅಂಕಿ. ಎದುರು ದಡದಲ್ಲಿ ಇಳಿಯುವವರು ತಮ್ಮ ಬಿಲ್ಲೆಯನ್ನು ಮುಂಗೈಗೆ ಹಾಕಿಕೊಂಡು ಹೋಗಬೇಕು, ಮರಳಿ ಬಂದವರು ತಮ್ಮ ಮೊಳೆಗೇ ಸಿಕ್ಕಿಸಬೇಕು. ಹಲಗೆ ತುಂಬಿದರೆ ದೋಣಿ ಹೊರಡುತ್ತದೆ. ಭಾನುವಾರವೂ ಹಲಗೆ ತುಂಬಿತ್ತು.

"ತಲೆ ಎಣಿಸೋದಿಲ್ವಾ?" ಎಂದು ಕೇಳಿದರು ಅತ್ತಿಗೆ.

"ನೀರಿನ ಮೇಲೆ ನಾವು ತಲೆ ಎಣಿಸಲ್ಲಮ್ಮ. ನಮ್ಮ ತಾತನ ಕಾಲದಿಂದ ಹಾಗೇ. ಎಣಿಸಿದ್ದು ಕಮ್ಮಿಯಾಗುತ್ತೆ ಅಂತಾರೆ. ಅದಕ್ಕೇ ಈ ಬಿಲ್ಲೆ ಮಾಡಿಸಿದ್ದು."

"ಎಣಿಸದೇನೇ ಕಮ್ಮಿಯಾಯ್ತಲ್ಲ."

ಮಗಳು ಎಣ್ಣೆ ಮೆತ್ತಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದಳು. ಎಂಜಿನ್ ನೋಡಿಕೊಳ್ಳುವವಳು ಅವಳೇ. ಮಂಗಳವಾರ ನಮ್ಮ ಮನೆಯ ಬಾಗಿಲಿಗೆ ಬಂದು ಅತ್ತಿಗೆಯ ಕೈ ಹಿಡಿದುಕೊಂಡವಳೂ ಅವಳೇ. "ಅಪ್ಪನಿಗೆ ಈ ದೋಣಿ ಬಿಟ್ರೆ ಬೇರೆ ಪ್ರಪಂಚ ಗೊತ್ತಿಲ್ಲ. ಒಳಗೆ ಹಾಕಿದ್ರೆ ಒಂದು ವಾರಾನೂ ಬದುಕಲ್ಲ," ಎಂದಿದ್ದಳು. ಇವತ್ತು ಸಂಜೆ ಐದಕ್ಕೆ ಬಂದರು ಅಧಿಕಾರಿ ಪೊಲೀಸರೊಂದಿಗೆ ಜೆಟ್ಟಿಗೆ ಬರುವವರಿದ್ದರು. ಪರವಾನಗಿ ರದ್ದು, ಅದರ ಹಿಂದೆಯೇ ಬಂಧನ. ಅಷ್ಟರೊಳಗೆ ಕನ್ನಡಕದವರು ಏನಾದರೆಂದು ಹೇಳಬೇಕಿತ್ತು.

ಅದಕ್ಕೆ ಅತ್ತಿಗೆ ಹೂಡಿದ ಉಪಾಯ, ಭಾನುವಾರದ ವಿಹಾರವನ್ನು ಇಂದು ಹಾಗೆಯೇ ಮತ್ತೊಮ್ಮೆ ನಡೆಸುವುದು. ಅದೇ ಹೊತ್ತು, ಅದೇ ಜನ, ಅದೇ ಮೊಳೆ.

"ಕನ್ನಡಕದವರ ಪಾತ್ರ ನನ್ನದು," ಎಂದು ಅವರು ಏಳನೇ ಬಿಲ್ಲೆಯನ್ನು ಮುಂಗೈಗೆ ಏರಿಸಿಕೊಂಡರು.

"ಅತ್ತಿಗೆ, ಅದು ಸಾಕ್ಷಿ. ಡಬ್ಬಿಯಲ್ಲಿ ಇಡಬೇಡವೇ?"

"ನನ್ನ ಕೈಗಿಂತ ಭದ್ರವಾದ ಡಬ್ಬಿ ಎಲ್ಲಿದೆಯಪ್ಪಾ?"

*

ಒಂಬತ್ತಕ್ಕೆ ದೋಣಿ ಹೊರಟಿತು. ಭಾನುವಾರದ ಏಳೂ ಜನ ಬಂದಿದ್ದರು. ಹೊಸದಾಗಿ ಮದುವೆಯಾದ ಜೋಡಿಗೆ ಪುಕ್ಕಟೆ ವಿಹಾರದ ಖುಷಿ. ಬೇಕರಿಯವರಿಗೆ ಅಂಗಡಿ ಮುಚ್ಚಿ ಬಂದ ಸಿಟ್ಟು. ಸಂಗೀತದ ಟೀಚರಿಗೆ ಭಯ, ಅವರು ದೋಣಿಯ ಅಂಚಿನಿಂದ ಎರಡು ಮಾರು ದೂರ ಕುಳಿತರು. ಹಿತ್ತಾಳೆ ಕಟ್ಟಿನ ಕನ್ನಡಕ ಹಾಕಿಕೊಂಡಿದ್ದ ವಯಸ್ಸಾದ ದನದ ಡಾಕ್ಟರು ಎಲ್ಲರಿಗೂ ಕೈಮುಗಿದು ಒಂದು ಮೂಲೆ ಹಿಡಿದರು. ಕೊನೆಯಲ್ಲಿ ಬಂದವರು ಕಾಣೆಯಾದವರ ಹೆಂಡತಿ ಮತ್ತು ಆಕೆಯ ತಮ್ಮ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಈ ಭಾಮೈದನದು. ಕುಳಿತಲ್ಲೇ ಜೇಬಿನಿಂದ ಪುಟ್ಟ ಚೂರಿ ತೆಗೆದು ಉಗುರು ಕೆರೆಯುವುದು ಅವನ ಅಭ್ಯಾಸ.

ನನ್ನ ಬಿಲ್ಲೆ ಒಂಬತ್ತನೆಯದು. ಅದನ್ನು ಜೇಬಿನಲ್ಲಿಟ್ಟುಕೊಂಡು, ವಾಂತಿ ಮಾತ್ರೆ ನುಂಗಿ, ಕಣ್ಣು ಮುಚ್ಚಿ ಮುಂದಿನ ಕೋಣೆಯ ಬೆಂಚಿನಲ್ಲಿ ಕುಳಿತೆ. ಜಗತ್ತಿನಲ್ಲಿ ದೋಣಿ ಕಂಡುಹಿಡಿದವನ ಮೇಲೆ ನನ್ನದೊಂದು ದೂರು ಇದೆ, ಅದನ್ನು ಬೇರೆ ಯಾವಾಗಲಾದರೂ ಹೇಳುತ್ತೇನೆ.

ದಡ ತೆಳುವಾದ ಮೇಲೆ ಅತ್ತಿಗೆ ಚೀಲದಿಂದ ಮೇಣದ ದಾರದ ಉಂಡೆ ತೆಗೆದರು. ಎಲ್ಲರಿಗೂ ಒಂದೊಂದು ಗೇಣು ತುಂಡು ಹಂಚಿದರು.

"ಎಲ್ಲರೂ ಒಂದು ಗಂಟು ಹಾಕಿ ಕೊಡಿ."

"ಇದೇನ್ರೀ ಶಾಲೆ ಮಕ್ಕಳ ಆಟ?" ಎಂದು ಬೇಕರಿಯವರು ಗೊಣಗಿದರು.

"ಆಟಾನೇ. ತಲೆ ಸುಳ್ಳು ಹೇಳುತ್ತೆ, ಕೈ ಹೇಳಲ್ಲ. ಕೈಗೆ ಅಭ್ಯಾಸ ಆಗಿದ್ದು ತಲೆಗೆ ಗೊತ್ತೂ ಆಗಲ್ಲ. ಹಾಕಿ."

ಕಪ್ತಾನರೂ ಚುಕ್ಕಾಣಿಯಿಂದ ಒಂದು ಕೈ ತೆಗೆದು, ನೋಡದೆಯೇ ಕಟ್ಟಿಕೊಟ್ಟರು. ಎರಡು ಸುರುಳಿ, ತುದಿ ಒಳಗೇ ಮಾಯ, ಬಾಲವೇ ಇಲ್ಲ. ಮಗಳು ಅದನ್ನೇ ಹಾಕಲು ಹೋಗಿ ಸೋತಳು. "ನಂಗೆ ಇದು ಬರೋದೇ ಇಲ್ಲ ಆಂಟಿ. ಚಿಕ್ಕಂದಿನಿಂದ ಕಲಿಸ್ತಿದಾರೆ. ಯಾವಾಗಲೂ ಬಾಲ ಉಳಿದುಬಿಡುತ್ತೆ."

ಹೊಸ ಜೋಡಿ ಇಬ್ಬರೂ ಸೇರಿ ಒಂದೇ ಗಂಟು ಹಾಕಿದರು. ಭಾಮೈದ ಎಲ್ಲರೂ ಹಾಕುವ ಸಾದಾ ಗಂಟು ಹಾಕಿ, ಉಳಿದ ದಾರವನ್ನು ಚೂರಿಯಿಂದ ಚಕ್ಕನೆ ಕೊಯ್ದ. ನನ್ನ ಕಣ್ಣು ಆ ಕೊಯ್ತದ ಮೇಲೇ ನಿಂತಿತು. ಒಂದೇ ಏಟು. ನಾನು ಅತ್ತಿಗೆಯ ಕಡೆ ನೋಡಿದೆ, ಆದರೆ ಅವರು ಡಾಕ್ಟರ ಮುಂದೆ ಮಂಡಿಯೂರಿ ಕುಳಿತುಬಿಟ್ಟಿದ್ದರು.

"ಡಾಕ್ಟ್ರೇ, ಈ ಗಂಟು ಎಲ್ಲಿ ಕಲಿತ್ರಿ?"

"ಗಂಟಾ? ಹಸು ಎಮ್ಮೆ ಹೊಟ್ಟೆ ಹೊಲಿದೂ ಹೊಲಿದೂ ಬಂದಿದ್ದು. ಮೊದಲ ಸುತ್ತು ಎರಡು ಸಲ ತಿರುವದೆ ಇದ್ರೆ ಜಾರುತ್ತೆ."

ಅತ್ತಿಗೆ ತಮ್ಮ ಮುಂಗೈಯನ್ನು ಡಾಕ್ಟರ ಮಂಡಿಯ ಮೇಲಿಟ್ಟರು. ಬಿಲ್ಲೆಯ ಎರಡನೇ ಗಂಟು, ಡಾಕ್ಟರು ಈಗಷ್ಟೇ ಹಾಕಿದ ಗಂಟು, ಎರಡೂ ಅಕ್ಕಪಕ್ಕ. ಎರಡು ತಿರುವು, ಎರಡು ಕುಳ್ಳ ಬಾಲ. ಅವಳಿ ಮಕ್ಕಳಿಗೂ ಇಷ್ಟು ಹೋಲಿಕೆ ಇರುವುದಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

"ನಾನು ಕೊಲೆ ಮಾಡಿಲ್ಲಮ್ಮ."

"ಕೊಲೆ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ. ಗಂಟಿನ ವಿಷಯ ಹೇಳಿ."

"ಕಟ್ಟಿದ್ದು ನಾನೇ."

ಕಾಣೆಯಾದವರ ಹೆಂಡತಿ ಎದ್ದು ನಿಂತರು. ತಮ್ಮ ಅವರ ಭುಜ ಹಿಡಿದು ಕೂರಿಸಲು ನೋಡಿದ, ಅವರು ಕೈ ಕೊಡವಿದರು.

"ಭಾನುವಾರ ಎದುರು ದಡದಲ್ಲಿ ಮೂರೂವರೆಗೆ ದೋಣಿಗೆ ಬರ್ತಿದ್ದೆ," ಎಂದರು ಡಾಕ್ಟರು. ಧ್ವನಿ ಕೆಳಗಿಳಿದಿತ್ತು. "ಜೆಟ್ಟಿಯ ಮೆಟ್ಟಿಲ ಮೇಲೆ ಈ ಬಿಲ್ಲೆ ಬಿದ್ದಿತ್ತು. ದಾರ ತುಂಡಾಗಿತ್ತು. ಏಳು ಅಂದ್ರೆ ಯಾರದ್ದು ಅಂತ ಗೊತ್ತಿತ್ತು, ನಂದು ಎಂಟು, ಬೆಳಗ್ಗೆ ನನ್ನ ಪಕ್ಕದಲ್ಲೇ ನಿಂತು ತಗೊಂಡಿದ್ರು. ದಾರ ಹರಿದು ಬಿದ್ದಿದೆ, ಪಾಪ ನೋಡಿಲ್ಲ, ಆಗಲೇ ಹತ್ತಿದಾರೆ ಅಂದ್ಕೊಂಡೆ. ಬಿಲ್ಲೆ ಬರದಿದ್ರೆ ಕಪ್ತಾನರು ಕಾಯ್ತಾ ಕೂತುಬಿಡ್ತಾರೆ. ಮನೇಲಿ ನನ್ನ ಹೆಂಡತಿಗೆ ಔಷಧಿ ಕೊಡೋ ಹೊತ್ತಾಗಿತ್ತು. ಉಪಕಾರ ಆಗಲಿ ಅಂತ ಗಂಟು ಹಾಕಿ, ನಂದರ ಜೊತೆ ಅದನ್ನೂ ಸಿಕ್ಕಿಸಿದೆ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗೆ," ಎಂದರು ಅತ್ತಿಗೆ. "ದನದ ಡಾಕ್ಟ್ರಾಗಿ ನೀವೇ ಹೀಗೆ ಮಾಡೋದಾ? ಆಳು ಹತ್ತಿದ್ದನ್ನ ಕಣ್ಣಾರೆ ನೋಡಿದ್ರಾ?"

"ಇಲ್ಲ."

"ನಾಲ್ಕು ದಿನ ಯಾಕೆ ಬಾಯಿ ಬಿಡಲಿಲ್ಲ?"

"ಹೇಗೆ ಬಿಡಲಿ? ಹಲಗೆ ತುಂಬದಿದ್ರೆ ದೋಣಿ ಹೊರಡ್ತಿರಲಿಲ್ಲ. ಹೊರಡಿಸಿದ್ದು ನಾನು. ಮೊದಲ ದಿನ ಧೈರ್ಯ ಬರಲಿಲ್ಲ. ಎರಡನೇ ದಿನ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಏನು ಹೇಳಲಿ ಅನ್ನಿಸ್ತು. ಆಮೇಲೆ ಅದು ದಿನಾ ಬೆಳೀತಾ ಹೋಯ್ತು."

ಮುದುಕರು ಎಲ್ಲರ ಮುಂದೆ ಅಳಲು ಶುರುಮಾಡಿದರು. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಒಳ್ಳೆಯ ಮನಸ್ಸಿನಿಂದ ಹಾಕಿದ ಒಂದು ಗಂಟಿಗಾಗಿ ನಾಲ್ಕು ದಿನ ಮೂರು ಊರಿನ ಈಜುಗಾರರು ಕಡಲಿನ ತಳ ತಡಕಿದ್ದರು.

"ಅಂದ್ರೆ ಅವರು ದೋಣಿಗೆ ಹತ್ತೇ ಇಲ್ಲ," ಎಂದರು ಹೆಂಡತಿ. "ನೀರಿಗೆ ಬಿದ್ದಿಲ್ಲ. ಹೌದಲ್ವಾ? ಹೌದು ಅನ್ನಿ ಯಾರಾದ್ರೂ." ಆಮೇಲೆ ಯಾರ ಉತ್ತರಕ್ಕೂ ಕಾಯದೆ ಮಾತು ಮುಂದುವರಿಸಿದರು. "ನಾನು ಅವತ್ತು ಮಾತು ಬಿಟ್ಟಿದ್ದೆ. ಹೋಗುವಾಗಲೇ ಜಗಳ ಆಗಿತ್ತು, ಪರದೆ ಬಟ್ಟೆಯ ಬಣ್ಣಕ್ಕೆ. ಬರುವಾಗ ಹಿಂದಿನ ಬೆಂಚಲ್ಲಿ ಕೂತಿರ್ತಾರೆ, ಕೂತಿರಲಿ ಅಂತ ತಿರುಗೀನೂ ನೋಡಲಿಲ್ಲ. ಒಂದು ಸಲ ತಿರುಗಿದ್ರೆ ಸಾಕಿತ್ತು."

ಸಂಗೀತದ ಟೀಚರು ಎದ್ದು ಬಂದು ಆಕೆಯ ಪಕ್ಕ ಕುಳಿತರು.

ಕಪ್ತಾನರ ಮಗಳ ಮುಖ ಅರಳಿತ್ತು. "ಅಪ್ಪಾ, ಕೇಳಿಸ್ತಾ? ನಮ್ಮ ದೋಣಿಯಿಂದ ಯಾರೂ ಬಿದ್ದಿಲ್ಲ!" ಎಂದು ಅವಳು ಗೂಡಿನ ಬಾಗಿಲಿಗೆ ಓಡಿದಳು.

ಕಪ್ತಾನರು ತಲೆಯಾಡಿಸಿದರು. ಕಣ್ಣು ನೀರಿನ ಮೇಲೇ ಇತ್ತು. ನಾಲ್ಕು ದಿನ ಕುತ್ತಿಗೆಯ ಮೇಲೆ ತೂಗಿದ ಕತ್ತಿ ಸರಿದರೆ ಮನುಷ್ಯ ಒಂದು ನಿಟ್ಟುಸಿರಾದರೂ ಬಿಡಬೇಕು. ಇವರು ಅದನ್ನೂ ಬಿಡಲಿಲ್ಲ. ಆಘಾತ ಇನ್ನೂ ಇಳಿದಿಲ್ಲವೆಂದು ನಾನು ಅಂದುಕೊಂಡೆ.

"ಟೋಪಿ?" ಎಂದು ಅತ್ತಿಗೆ ಇದ್ದಕ್ಕಿದ್ದಂತೆ ಕೇಳಿದರು.

ಕನ್ನಡಕದವರ ಬಿಳಿ ಟೋಪಿ ಭಾನುವಾರ ಸಂಜೆ ಹಿಂದಿನ ಬೆಂಚಿನ ಕೆಳಗೆ ಸಿಕ್ಕಿತ್ತು. ಅವರು ದೋಣಿಯಲ್ಲಿದ್ದರು, ಅಲ್ಲಿಂದಲೇ ಬಿದ್ದರು ಎಂದು ಎಲ್ಲರೂ ನಂಬಿದ್ದು ಆ ಟೋಪಿಯಿಂದಲೇ.

"ಟೋಪಿ ನಾನು ತಂದಿಲ್ಲ, ತಾಯಾಣೆ," ಎಂದರು ಡಾಕ್ಟರು.

"ಹೆಂಡತಿ ತಂದಿಲ್ಲ, ಡಾಕ್ಟ್ರು ತಂದಿಲ್ಲ. ಹಾಗಾದ್ರೆ ಟೋಪಿಗೇ ಕಾಲು ಬಂದಿರಬೇಕು." ಅತ್ತಿಗೆ ಒಬ್ಬೊಬ್ಬರನ್ನೇ ನೋಡುತ್ತ ಹೋದರು. "ಬಿಲ್ಲೆ ಸಿಕ್ಕಿಸಿದವರು ಉಪಕಾರಕ್ಕೆ ಮಾಡಿದ್ರು. ಟೋಪಿ ಇಟ್ಟವರು ಉಪಕಾರಕ್ಕೆ ಮಾಡಿಲ್ಲ."

ಭಾಮೈದನ ಚೂರಿ ಉಗುರಿನ ಮೇಲೆ ನಿಂತಿತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಅದು ಜೇಬಿಗೆ ಹೋಯಿತು.

*

ಬಂದರು ಪಟ್ಟಣದ ಜೆಟ್ಟಿಯಲ್ಲಿ ಇಳಿದಾಗ ಹತ್ತೂಕಾಲು. ಗಟ್ಟಿ ನೆಲ ಸಿಕ್ಕಿದ್ದಕ್ಕೆ ನಾನು ಅದನ್ನು ಮುದ್ದಿಡುವುದೊಂದು ಬಾಕಿ.

ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು. ಬಿಸಿಲಿಗೆ ಕಪ್ಪು ಕೊಡೆ ಬಿಚ್ಚಿಕೊಂಡಿದ್ದರು. "ನೀನು ಡಾಕ್ಟ್ರ ನೆರಳಾಗು. ಒಂದು ಕ್ಷಣಾನೂ ಬಿಡಬೇಡ."

"ಅವರು ಹೇಳಿದ್ದು ಸುಳ್ಳಾ?"

"ನಿಜ. ಅದಕ್ಕೇ ಅವರು ಜೋಪಾನವಾಗಿರಬೇಕು. ದೋಣಿಯಿಂದ ಯಾರೂ ಬಿದ್ದಿಲ್ಲ ಅನ್ನೋದಕ್ಕೆ ಇರೋದು ಅವರೊಬ್ಬರದೇ ಮಾತು."

"ಮತ್ತೆ ನೀವು?"

"ನಾನು ಕನ್ನಡಕದವರು. ಅವರು ನಡೆದ ದಾರೀಲಿ ನಡೀತೀನಿ," ಎಂದು ನಕ್ಕರು. ನಕ್ಕರೂ ಕಣ್ಣು ನಗಲಿಲ್ಲ. "ಒಂದು ವಿಷಯ ಗಮನಿಸಿದ್ಯಾ? ಒಳ್ಳೆ ಸುದ್ದಿ ಕೇಳಿ ಇವತ್ತು ಒಬ್ಬರು ಖುಷಿಯಾಗಲಿಲ್ಲ."

"ಭಾಮೈದ ತಾನೇ? ನಾನೂ ನೋಡಿದೆ," ಎಂದು ಜಾಣತನ ತೋರಿಸಿದೆ.

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ, ಏನೋ ಹೇಳಲು ಹೋಗಿ, ಬೇಡವೆಂದು ಬಿಟ್ಟರು. ಆ ಮಾತೇನೆಂದು ನಾನು ಕೇಳಲಿಲ್ಲವಲ್ಲ ಎಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹೆಂಡತಿ, ಭಾಮೈದ, ಅತ್ತಿಗೆ ಮೂವರೂ ಗಡಿಯಾರ ಕಂಬದ ಕಡೆ ನಡೆದರು. ಭಾನುವಾರ ಕನ್ನಡಕದವರು "ಅರ್ಧ ಗಂಟೇಲಿ ಬರ್ತೀನಿ" ಎಂದು ಇವರಿಂದ ಬೇರೆಯಾದದ್ದು ಅಲ್ಲಿಯೇ. ನಾನು ಡಾಕ್ಟರನ್ನು ಜೆಟ್ಟಿಯ ಎದುರಿನ ಚಹಾದಂಗಡಿಗೆ ಕರೆದೊಯ್ದು, ಕಿಟಕಿಯ ಪಕ್ಕದ ಮೇಜು ಹಿಡಿದೆ. ನಾಲ್ಕು ಸಲ ಚಹಾ ಕುಡಿದೆವು. ಡಾಕ್ಟರು ತಮ್ಮ ಹೆಂಡತಿಯ ಮಂಡಿನೋವಿನಿಂದ ಹಿಡಿದು ಕುದುರೆಯ ಮಂಡಿನೋವಿನವರೆಗೆ ಎಲ್ಲವನ್ನೂ ವಿವರಿಸಿದರು.

ಕಿಟಕಿಯಿಂದ ದೋಣಿ ಕಾಣುತ್ತಿತ್ತು. ಒಂದೂವರೆಯ ಹೊತ್ತಿಗೆ ಕಪ್ತಾನರು ಡೀಸೆಲ್ ಡಬ್ಬಿ ಹಿಡಿದು ಇಳಿದರು. "ಎಣ್ಣೆ ತರ್ತೀನಿ," ಎಂದು ನಮ್ಮ ಕಡೆ ಕೈಬೀಸಿ, ಡಬ್ಬಿಯನ್ನು ಬೀಸಿಕೊಂಡು ಹೋದರು. ಒಂದು ಗಂಟೆಯಾದ ಮೇಲೆ ಡಬ್ಬಿಯನ್ನು ಬೀಸಿಕೊಂಡೇ ಬಂದರು. ನಾನು ಅದನ್ನು ಕಂಡೆ. ಕಂಡು, ಐದನೇ ಚಹಾ ಬೇಕೋ ಬೇಡವೋ ಎಂದು ಯೋಚಿಸಿದೆ.

ಎರಡೂವರೆಗೆ ಕಾಣೆಯಾದವರ ಹೆಂಡತಿ ಒಬ್ಬರೇ ಬಂದರು.

"ನಿಮ್ಮ ಅತ್ತಿಗೆ ಹಗ್ಗದ ಗೋದಾಮಿನ ಬೀದಿಗೆ ಇಳಿದ್ರು. ನೀವು ಯಾರೂ ಬರಬೇಡಿ, ಭಾನುವಾರ ಅವರೊಬ್ಬರೇ ಹೋಗಿದ್ದು ತಾನೇ ಅಂದ್ರು. ತಮ್ಮ ಅಲ್ಲೇ ಕಾಯ್ತೀನಿ ಅಂತ ನಿಂತ."

ಮೂರೂಕಾಲಿಗೆ ತಮ್ಮ ಬಂದ. ಅವನೂ ಒಬ್ಬನೇ. ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದ.

"ಅತ್ತಿಗೆ ಎಲ್ಲಿ?"

"ಗೊತ್ತಿಲ್ಲ. ಕಾದೂ ಕಾದೂ ಸಾಕಾಯ್ತು. ಬೇರೆ ದಾರೀಲಿ ಬಂದಿರಬೇಕು," ಎಂದವನು ನನ್ನ ಮುಖ ನೋಡದೆ ದೋಣಿಗೆ ಹತ್ತಿದ.

ನಾನು ಡಾಕ್ಟರನ್ನು ತೋಳು ಹಿಡಿದು ಹತ್ತಿಸಿದೆ. ಅವರು ಎಂಟನೇ ಬಿಲ್ಲೆ ಸಿಕ್ಕಿಸಿದರು, ನಾನು ಒಂಬತ್ತನೆಯದು. ಹಲಗೆಯ ಮೇಲೆ ಕಣ್ಣು ಹಾಯಿಸಿದೆ. ಏಳನೇ ಮೊಳೆಯಲ್ಲಿ ಬಿಲ್ಲೆ ತೂಗುತ್ತಿತ್ತು.

ಎದೆಯ ಮೇಲಿನ ಕಲ್ಲು ಇಳಿಯಿತು. ಬಂದುಬಿಟ್ಟಿದ್ದಾರೆ. ಹಿಂದಿನ ಬೆಂಚಿನಲ್ಲಿ, ಕನ್ನಡಕದವರ ಜಾಗದಲ್ಲಿ ಕುಳಿತು ಏನೋ ಲೆಕ್ಕ ಹಾಕುತ್ತಿರುತ್ತಾರೆ, ಈಗ ಹೋಗಿ ಮಾತಾಡಿಸಿದರೆ ಬೈಸಿಕೊಳ್ಳಬೇಕು ಎಂದುಕೊಂಡೆ.

"ಬಿಲ್ಲೆ?" ಎಂದು ಗೂಡಿನಿಂದ ಕಪ್ತಾನರು ಕೂಗಿದರು.

ಉತ್ತರ ಕೊಟ್ಟವನು ನಾನು.

"ಒಂಬತ್ತೂ ಬಂದಿವೆ!"

*

ದೋಣಿ ಹೊರಟು ಅರ್ಧ ದಾರಿಗೆ ಬಂದಿತ್ತು. ಗಾಳಿ ಎದ್ದು ನೀರು ಹಿಂಭಾಗಕ್ಕೆ ಎರಚುತ್ತಿತ್ತು. ನಾನು ಮುಂದಿನ ಕೋಣೆಯಲ್ಲಿ ಡಾಕ್ಟರ ಪಕ್ಕ ತಲೆ ತಗ್ಗಿಸಿ ಕುಳಿತಿದ್ದೆ. ಅತ್ತಿಗೆ ನೆನೆಯುತ್ತಿದ್ದಾರಲ್ಲ, ಒಳಗೆ ಬನ್ನಿ ಎನ್ನೋಣ ಎಂದು ಎದ್ದೆ. ಕಂಬ ಹಿಡಿದು, ಸರಳು ಹಿಡಿದು, ಹೇಗೋ ಹಿಂದಕ್ಕೆ ಹೋದೆ.

ಹಿಂದಿನ ಬೆಂಚು ಖಾಲಿಯಿತ್ತು.

ಅದರ ಕೆಳಗೆ, ನೀರಿನಲ್ಲಿ ಅತ್ತಿತ್ತ ಉರುಳುತ್ತ, ಅವರ ಕಪ್ಪು ಕೊಡೆ ಬಿದ್ದಿತ್ತು.

ಓಡಿ ಬಂದೆ. ಕೋಣೆಯ ಬಾಗಿಲಲ್ಲಿ ನಿಂತು, ತಾತಂದಿರ ಕಾಲದ ಮಾತನ್ನು ಮುರಿದು, ನೀರಿನ ಮೇಲೆ ತಲೆ ಎಣಿಸಿದೆ. ಹೆಂಡತಿ, ಭಾಮೈದ, ಟೀಚರು, ಬೇಕರಿಯವರು, ಜೋಡಿ, ಡಾಕ್ಟರು. ನಾನು. ಎಂಟು.

ಮತ್ತೆ ಎಣಿಸಿದೆ. ಎಂಟೇ.

ಬೆಳಗ್ಗೆ ಡಾಕ್ಟರನ್ನು ಮನಸ್ಸಿನಲ್ಲೇ ಪೆದ್ದರೆಂದು ಬೈದಿದ್ದೆ. ನಾನು ಅವರಿಗಿಂತ ಒಂದು ಕೈ ಮೇಲು.

ಹಲಗೆಯಿಂದ ಏಳನೇ ಬಿಲ್ಲೆಯನ್ನು ಕಿತ್ತೆ. ಬೆಳಗ್ಗೆ ಅದಕ್ಕೆ ಎರಡು ಗಂಟು. ಈಗ ಬೆರಳಿಗೆ ಮೂರು ತಗುಲಿದವು. ದಾರವನ್ನು ಮತ್ತೊಂದು ಕಡೆ ಕೊಯ್ದು ಕಟ್ಟಿದ್ದರು.

"ಡಾಕ್ಟ್ರೇ!" ಎಂದು ಕಿರುಚಿದೆ. "ಇದನ್ನೂ ನೀವೇ ಕಟ್ಟಿದ್ರಾ?"

"ನಾನು ನಿಮ್ಮ ಜೊತೆಗೇ ಇದ್ನಲ್ಲಪ್ಪಾ ಬೆಳಗ್ಗಿಂದ!" ಅವರು ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಮಧ್ಯದ್ದು ನಂದು. ಈ ಹೊಸದು ನಂದಲ್ಲ. ಇದಕ್ಕೆ ಬಾಲಾನೇ ಇಲ್ಲ ನೋಡಿ."

ನನ್ನ ಕೂಗಿಗೆ ಕಪ್ತಾನರ ಮಗಳು ಎಂಜಿನ್ ಕುಣಿಯಿಂದ ಮೇಲೆ ಬಂದಿದ್ದಳು. ಅವಳು ಡಾಕ್ಟರ ಕೈಯಿಂದ ದಾರವನ್ನು ತೆಗೆದುಕೊಂಡಳು. ಎಣ್ಣೆಯ ಬೆರಳಿನಿಂದ ಹೊಸ ಗಂಟನ್ನು ಸವರಿದಳು. ಎರಡು ಸುರುಳಿ, ತುದಿ ಒಳಗೇ ಮಾಯ.

"ಯಾರದ್ದಮ್ಮ ಇದು?" ಎಂದೆ. ನನಗೆ ಉತ್ತರ ಗೊತ್ತಿತ್ತು. ಅವಳು ಬೇರೇನಾದರೂ ಹೇಳಲಿ ಎಂದು ಕೇಳಿದೆ.

ಅವಳು ಬಿಲ್ಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಅಪ್ಪಂದು," ಎಂದಳು.

ನಾನು ಗೂಡಿಗೆ ನುಗ್ಗಿದೆ. ಹಿಂದೆಯೇ ಅವಳು, ಅವಳ ಹಿಂದೆ ಕಾಣೆಯಾದವರ ಹೆಂಡತಿ. ಕಪ್ತಾನರು ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು ನೇರ ನಿಂತಿದ್ದರು. ಮೂಲೆಯಲ್ಲಿ ಡೀಸೆಲ್ ಡಬ್ಬಿ ಇತ್ತು. ನನ್ನ ಕಾಲು ತಗುಲಿ ಅದು ಟಣ್ಣೆಂದು ಉರುಳಿತು. ಒಳಗೆ ಒಂದು ಹನಿಯೂ ಇರಲಿಲ್ಲ.

"ದೋಣಿ ತಿರುಗಿಸಿ," ಎಂದೆ.

ಅವರು ತಿರುಗಿಸಲಿಲ್ಲ.

"ತಿರುಗಿಸ್ರೀ! ನಮ್ಮತ್ತಿಗೆ ಅಲ್ಲೇ ಉಳಿದಿದ್ದಾರೆ! ಏನು ಮಾಡಿದ್ರಿ ಅವರನ್ನ?"

ಮಗಳು ಕೂಗಾಡಲಿಲ್ಲ. ಕೈ ಚಾಚಿ ಎಂಜಿನ್ನಿನ ಗುಂಡಿ ಒತ್ತಿದಳು. ಸದ್ದು ನಿಂತುಹೋಯಿತು. ದೋಣಿ ಮುಂದಕ್ಕೆ ಜಾರಿ, ನಿಧಾನವಾಗಿ, ಅಲೆಗಳಿಗೆ ಅಡ್ಡ ತಿರುಗಿತು. ದೂರದಲ್ಲಿ ನಮ್ಮ ಜೆಟ್ಟಿಯ ಮೇಲೆ ಕಾಯುತ್ತಿದ್ದವರು ಚುಕ್ಕೆಗಳಂತೆ ಕಾಣುತ್ತಿದ್ದರು.

"ಅಪ್ಪಾ," ಎಂದಳು ಅವಳು, "ನಿನಗೋಸ್ಕರ ನಾನು ಊರೆಲ್ಲ ಕಾಲು ಹಿಡಿದೆ."

ಕಪ್ತಾನರು ಈಗ ತಿರುಗಿದರು. ಆ ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ಅಂಜಿಕೆ ಇರಲಿಲ್ಲ. ಇದ್ದದ್ದು ಬೇರೆ ಭಯ, ನನಗೆ ಅದು ಅರ್ಥವಾಗಲಿಲ್ಲ.

"ಎಂಜಿನ್ ಹಚ್ಚು ಮಗಳೇ. ಆ ತಾಯಿ ಬದುಕಿರಬೇಕು ಅಂದ್ರೆ ಈ ದೋಣಿ ವಾಪಸ್ ಹೋಗಬಾರದು. ಬಿಲ್ಲೆ ಕಟ್ಟಿ ಸಿಕ್ಕಿಸಿದ್ದೂ ಅದಕ್ಕೇ."

"ನಿಂಗೆ ಹೇಗೆ ಗೊತ್ತು?"

ಕಪ್ತಾನರು ಮಗಳನ್ನು ಬಿಟ್ಟು, ಅವಳ ಹಿಂದೆ ನಿಂತಿದ್ದ ಕನ್ನಡಕದವರ ಹೆಂಡತಿಯನ್ನು ನೋಡಿದರು.

"ಯಾಕೆ ಅಂದ್ರೆ ಭಾನುವಾರ, ನೀನು ಮಲಗಿದ ಮೇಲೆ, ನಾನು ಇವರ ಯಜಮಾನ್ರನ್ನ ಕರಕೊಂಡು ಬರೋಕೆ ವಾಪಸ್ ಹೋದೆ. ಹೋಗಿದ್ದಕ್ಕೇ ಅವರ ಜೀವ ಉಳೀಲಿಲ್ಲ."